ಚಲಿಸುವ ಮೆಟ್ಟಿಲಿನ ಚರಿತ್ರೆ

ಮೈಸೂರಿನ ದಕ್ಷಿಣ ಭಾಗದಲ್ಲಿ ನಮ್ಮ ಶ್ರೀರಾಂಪುರ ಇರುವಂತೆ ಬೆಂಗಳೂರಿನಲ್ಲಿಯೂ ಒಂದು ಶ್ರೀರಾಂಪುರ ಇದೆ. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ‘ನಮ್ಮ ಮೆಟ್ರೋ’ ಹಸಿರು ಮಾರ್ಗದ ಮೊದಲ ಹಂತ ಆರಂಭವಾದಾಗ ಆ ಶ್ರೀರಾಂಪುರದ ಹೆಸರಿನ ನಿಲ್ದಾಣವೂ ತೆರೆಯಿತು. ಇಂದು ಓದು, ಉದ್ಯೋಗ, ಆಸ್ಪತ್ರೆ, ವ್ಯಾಪಾರ ಎಂದು ಬೆಂಗಳೂರಿಗೆ ಹೋಗುವ ನಮ್ಮವರು ರೈಲಿನಿಂದಲೋ ಬಸ್ಸಿನಿಂದಲೋ ಇಳಿದು ಮೆಟ್ರೋ ಹತ್ತುತ್ತಾರೆ. ಅಲ್ಲಿ ಎದುರಾಗುವ ಮೊದಲ ಯಂತ್ರ ರೈಲಲ್ಲ, ಎಸ್ಕಲೇಟರ್. ಕನ್ನಡದಲ್ಲಿ ಚಲಿಸುವ ಮೆಟ್ಟಿಲು, ಉರ್ದುವಿನಲ್ಲಿ ಬರ್ಖಿ ಜೀನಾ.

ಯುವಕರು ಅದರ ಮೇಲೆ ಮೊಬೈಲ್ ನೋಡುತ್ತಲೇ ಏರಿ ಹೋಗುತ್ತಾರೆ. ವಯಸ್ಸಾದ ತಾಯಂದಿರು ಅದರ ಮುಂದೆ ನಿಂತು, ಒಂದು ಕಾಲು ಮುಂದಿಟ್ಟು ಹಿಂದೆಗೆದು, ಕೊನೆಗೆ ಪಕ್ಕದ ಕಲ್ಲಿನ ಮೆಟ್ಟಿಲನ್ನೇ ಆರಿಸಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಹೆದರಿಕೆಯನ್ನು ನೋಡಿ ನಗುವವರಿದ್ದಾರೆ. ಆದರೆ ಈ ಯಂತ್ರದ ಚರಿತ್ರೆಯನ್ನು ಓದಿದವರು ನಗಲಾರರು. ಏಕೆಂದರೆ ಅಂತಹ ಹೆದರಿಕೆ, ಸಿಕ್ಕಿಕೊಂಡ ಬಟ್ಟೆ, ಪೆಟ್ಟಾದ ಕಾಲ್ಬೆರಳು, ಕಳೆದುಹೋದ ಪ್ರಾಣ ಇವುಗಳನ್ನು ಗಮನಿಸಿಯೇ ಈ ಯಂತ್ರ ಒಂದೊಂದಾಗಿ ತಿದ್ದಿಕೊಳ್ಳುತ್ತಾ ಬಂದಿದೆ. ಆ ಚರಿತ್ರೆಯ ಪರಿಚಯ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಕೊನೆಯಿಲ್ಲದ ಸರಪಳಿ

ಚಲಿಸುವ ಮೆಟ್ಟಿಲಿನ ಮೂಲ ತತ್ತ್ವ ಬಹಳ ಸರಳ. ಎರಡು ಚಕ್ರಗಳ ಸುತ್ತ ಕೊನೆಯಿಲ್ಲದ ಸರಪಳಿಯೊಂದು ಸುತ್ತುತ್ತದೆ. ಅದಕ್ಕೆ ಕಟ್ಟಿದ ವಸ್ತು ಒಂದು ಬದಿಯಲ್ಲಿ ಮೇಲೇರಿ ಇನ್ನೊಂದು ಬದಿಯಲ್ಲಿ ಕೆಳಗಿಳಿಯುತ್ತದೆ. ಈ ತತ್ತ್ವ ನೀರೆತ್ತುವ ಕೆಲಸದಲ್ಲಿ ಶತಮಾನಗಳಿಂದ ಬಳಕೆಯಲ್ಲಿತ್ತು. ಅರಬರು ಇದನ್ನು ಸಾಕಿಯಾ ಎಂದರು, ಉತ್ತರ ಭಾರತದಲ್ಲಿ ಇದು ರಹಟ್ ಆಯಿತು. ಅಮೀದ್ ಪಟ್ಟಣದ, ಅಂದರೆ ಇಂದಿನ ತುರ್ಕಿಯ ದಿಯಾರ್‌ಬಕಿರ್‌ನ, ಅರ್ತುಕಿದ್ ಅರಸರ ಆಸ್ಥಾನದಲ್ಲಿದ್ದ ಅಲ್ ಜಝರಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ ನೀರೆತ್ತುವ ಹಲವು ಸಾಧನಗಳ ಚಿತ್ರ ಮತ್ತು ವಿವರಣೆ ಇದೆ. ಬಾಬರನು ತನ್ನ ಆತ್ಮಚರಿತ್ರೆಯಲ್ಲಿ ಲಾಹೋರ್, ದೀಪಾಲ್‌ಪುರ, ಸರ್‌ಹಿಂದ್ ಕಡೆಯ ರೈತರು ಹಗ್ಗದ ಮಾಲೆಗೆ ಮಡಕೆಗಳನ್ನು ಕಟ್ಟಿ ಚಕ್ರದ ಮೇಲೆ ತಿರುಗಿಸಿ ಬಾವಿಯ ನೀರೆತ್ತುವುದನ್ನು ವರ್ಣಿಸಿದ್ದಾನೆ.

ಇದರಿಂದ ಮುಸಲ್ಮಾನ ವಿದ್ವಾಂಸರೇ ಎಸ್ಕಲೇಟರ್ ಕಂಡುಹಿಡಿದರು ಎಂದು ಹೇಳಿದರೆ ಅದು ಸುಳ್ಳು ಹೆಮ್ಮೆಯಾದೀತು. ಮಡಕೆಯ ಜಾಗದಲ್ಲಿ ಮನುಷ್ಯನನ್ನು ನಿಲ್ಲಿಸುವ ಯೋಚನೆ ಹತ್ತೊಂಬತ್ತನೆಯ ಶತಮಾನದ್ದು. ಆದರೆ ಯಾವ ಯಂತ್ರವೂ ಆಕಾಶದಿಂದ ಉದುರುವುದಿಲ್ಲ, ಅದರ ಹಿಂದೆ ಹಲವು ನಾಡುಗಳ ಕೈಗಳಿರುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಮಡಕೆ ಒಡೆದರೆ ಬೇರೆ ಮಡಕೆ ಕಟ್ಟಬಹುದು, ಮನುಷ್ಯನ ವಿಷಯ ಹಾಗಲ್ಲ. ಕಷ್ಟ ಆರಂಭವಾದದ್ದು ಇಲ್ಲಿಯೇ.

ಮೋಜಿನ ಸಾಧನವಾಗಿ ಹುಟ್ಟು

ಅಮೆರಿಕದ ನೇಥನ್ ಏಮ್ಸ್ 1859ರಲ್ಲಿ ‘ತಿರುಗುವ ಮೆಟ್ಟಿಲು’ಗಳಿಗೆ ಪೇಟೆಂಟ್ ಪಡೆದನು. ಅದು ಕಾಗದದ ಮೇಲೆಯೇ ಉಳಿಯಿತು. ನಿಜವಾಗಿ ಜನರನ್ನು ಹೊತ್ತ ಮೊದಲ ಯಂತ್ರವನ್ನು ಮಾಡಿದವನು ಜೆಸ್ಸಿ ರೆನೋ ಎಂಬ ಎಂಜಿನಿಯರ್. 1892ರಲ್ಲಿ ಪೇಟೆಂಟ್ ಪಡೆದ ಆತ 1896ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ವಿಹಾರ ತಾಣದಲ್ಲಿ ಅದನ್ನು ಸ್ಥಾಪಿಸಿದನು. ಅದರಲ್ಲಿ ಮೆಟ್ಟಿಲುಗಳೇ ಇರಲಿಲ್ಲ. ಗೀರುಗಳುಳ್ಳ ಪಟ್ಟಿಗಳ ಇಳಿಜಾರು ಪಟ್ಟೆಯೊಂದು ಜನರನ್ನು ಸುಮಾರು ಏಳು ಅಡಿ ಎತ್ತರಕ್ಕೆ ಒಯ್ಯುತ್ತಿತ್ತು, ಅಷ್ಟೇ. ಜಾತ್ರೆಯ ತೊಟ್ಟಿಲಿನಂತೆ ಜನ ಅದನ್ನು ಮೋಜಿಗಾಗಿ ಹತ್ತಿದರು.

1898ರ ನವೆಂಬರ್‌ನಲ್ಲಿ ಲಂಡನ್ನಿನ ಹ್ಯಾರಡ್ಸ್ ಅಂಗಡಿ ಇಂತಹದೇ ಸಾಧನ ಹಾಕಿಸಿದಾಗ, ಮೇಲೆ ತಲುಪುವಷ್ಟರಲ್ಲಿ ಗಾಬರಿಗೊಂಡ ಗಿರಾಕಿಗಳನ್ನು ಉಪಚರಿಸಲು ಸಿಬ್ಬಂದಿಯನ್ನೇ ನಿಲ್ಲಿಸಬೇಕಾಯಿತಂತೆ. ಲಂಡನ್ನಿನ ಶ್ರೀಮಂತ ಗಿರಾಕಿಗಳ ಎದೆಯೇ ಅಂದು ನಡುಗಿತ್ತು ಎಂದಮೇಲೆ ನಮ್ಮ ಅಜ್ಜಿಯರ ಅಳುಕಿನಲ್ಲಿ ನಾಚಿಕೆಪಡುವಂತಹದೇನಿದೆ?

ಇದೇ ಕಾಲದಲ್ಲಿ ಚಾರ್ಲ್ಸ್ ಸೀಬರ್ಗರ್ ಎಂಬವನು ಜಾರ್ಜ್ ವೀಲರ್‌ನ ಪೇಟೆಂಟ್‌ಗಳನ್ನು ಕೊಂಡು, ನಿಜವಾದ ಮೆಟ್ಟಿಲುಗಳುಳ್ಳ ಯಂತ್ರವನ್ನು ಓಟಿಸ್ ಕಂಪನಿಯೊಡನೆ ಸೇರಿ ತಯಾರಿಸಿದನು. ‘ಎಸ್ಕಲೇಟರ್’ ಎಂಬ ಹೆಸರನ್ನು ಕೊಟ್ಟವನೂ ಅವನೇ. ಲ್ಯಾಟಿನ್ ಭಾಷೆಯಲ್ಲಿ ಮೆಟ್ಟಿಲಿಗೆ ‘ಸ್ಕಾಲಾ’ ಎನ್ನುತ್ತಾರೆ. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಅದಕ್ಕೆ ಉನ್ನತ ಪುರಸ್ಕಾರ ದೊರೆಯಿತು. ಮೊದಲು ವ್ಯಾಪಾರದ ಮುದ್ರೆಯಾಗಿದ್ದ ಆ ಪದ ಜನರ ಬಾಯಿಯಲ್ಲಿ ಎಷ್ಟು ಬೆರೆತುಹೋಯಿತೆಂದರೆ, 1950ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಅದು ಯಾರೊಬ್ಬರ ಸ್ವತ್ತೂ ಅಲ್ಲವೆಂದು ತೀರ್ಮಾನಿಸಿತು.

ರೈಲು ನಿಲ್ದಾಣಕ್ಕೆ ಬಂದದ್ದು

ಅಂಗಡಿಯಿಂದ ಈ ಯಂತ್ರ ರೈಲು ನಿಲ್ದಾಣಕ್ಕೆ ಬಂದದ್ದು ಏಕೆ? ಲಂಡನ್ನಿನ ಆಳವಾದ ನೆಲದಡಿಯ ನಿಲ್ದಾಣಗಳಲ್ಲಿ ಮೊದಲು ಲಿಫ್ಟ್‌ಗಳಿದ್ದವು. ಲಿಫ್ಟ್ ಒಂದು ಗುಂಪನ್ನು ತುಂಬಿಕೊಂಡು ಹೋಗಿ ಮರಳುವವರೆಗೆ ಉಳಿದವರು ಕಾಯಬೇಕು. ಅಷ್ಟರಲ್ಲಿ ಮುಂದಿನ ರೈಲು ಬಂದು ಇನ್ನಷ್ಟು ಜನರನ್ನು ಇಳಿಸುತ್ತದೆ. ಚಲಿಸುವ ಮೆಟ್ಟಿಲಿಗೆ ಕಾಯುವಿಕೆ ಇಲ್ಲ; ಅದು ಹರಿಯುವ ಕಾಲುವೆಯಂತೆ. 1911ರ ಅಕ್ಟೋಬರ್ 4ರಂದು ಲಂಡನ್ನಿನ ಅರ್ಲ್ಸ್ ಕೋರ್ಟ್ ನಿಲ್ದಾಣದಲ್ಲಿ ಆ ನಗರದ ನೆಲದಡಿ ರೈಲಿನ ಮೊದಲ ಎಸ್ಕಲೇಟರ್‌ಗಳು ಕೆಲಸ ಆರಂಭಿಸಿದವು.

ಆದರೆ ಸೀಬರ್ಗರ್‌ನ ಮೆಟ್ಟಿಲುಗಳು ನುಣುಪಾಗಿದ್ದವು. ಮೇಲಿನ ತುದಿಯಲ್ಲಿ ಮೆಟ್ಟಿಲು ನೆಲದೊಳಗೆ ಮಾಯವಾಗುವ ಕಡೆ ಪಾದ ಸಿಕ್ಕಿಕೊಳ್ಳದಂತೆ ಓರೆಯಾದ ತಡೆಯೊಂದನ್ನು ಇಟ್ಟು, ಪ್ರಯಾಣಿಕರು ಪಕ್ಕಕ್ಕೆ ಹೆಜ್ಜೆ ಹಾಕಿ ಇಳಿಯುವಂತೆ ಮಾಡಿದ್ದರು. ನೇರವಾಗಿ ನಡೆದು ಇಳಿಯುವುದು ಸಾಧ್ಯವಿರಲಿಲ್ಲ. ರೆನೋನ ಯಂತ್ರದಲ್ಲಿ ಮೆಟ್ಟಿಲಿರಲಿಲ್ಲ, ಆದರೆ ಪಟ್ಟಿಗಳ ಗೀರುಗಳ ನಡುವೆ ಬಾಚಣಿಗೆಯ ಹಲ್ಲುಗಳಂತಹ ತಟ್ಟೆ ಹೊಕ್ಕು ಪಾದವನ್ನು ಮೃದುವಾಗಿ ಮೇಲೆತ್ತುತ್ತಿತ್ತು. ಓಟಿಸ್ ಕಂಪನಿ ಈ ಎರಡೂ ಗುಣಗಳನ್ನು ಬೆಸೆಯಿತು. ಒಬ್ಬನ ಮೆಟ್ಟಿಲು, ಇನ್ನೊಬ್ಬನ ಬಾಚಣಿಗೆ. 1924ರಲ್ಲಿ ಲಂಡನ್ನಿನ ಕ್ಲಾಪಮ್ ಕಾಮನ್ ನಿಲ್ದಾಣಕ್ಕೆ ಈ ಮಾದರಿ ಬಂದಿತು. ಇಂದು ಮೆಜೆಸ್ಟಿಕ್‌ನಲ್ಲಿ ನಾವು ದಾಟುವ ಹಳದಿ ಅಥವಾ ಬೆಳ್ಳಿ ಬಣ್ಣದ ಹಲ್ಲಿನ ತಟ್ಟೆ ಆ ಬಾಚಣಿಗೆಯ ಸಂತತಿಯೇ.

ಭಾರಿ ಕೆಲಸದ ಎಸ್ಕಲೇಟರ್ ಎಂದರೇನು?

ಬಟ್ಟೆ ಅಂಗಡಿಯ ಎಸ್ಕಲೇಟರೂ ಮೆಟ್ರೋ ನಿಲ್ದಾಣದ ಎಸ್ಕಲೇಟರೂ ನೋಡಲು ಒಂದೇ ತರಹ ಕಂಡರೂ ಒಂದೇ ಅಲ್ಲ. ಅಂಗಡಿಗೆ ಜನ ದಿನವಿಡೀ ಒಬ್ಬೊಬ್ಬರಾಗಿ ಬರುತ್ತಾರೆ. ನಿಲ್ದಾಣದಲ್ಲಿ ರೈಲು ಬಂದೊಡನೆ ನೂರಾರು ಜನ ಒಟ್ಟಿಗೆ, ಗಂಟುಮೂಟೆಗಳೊಡನೆ ಏರುತ್ತಾರೆ. ಯುರೋಪಿನ ಸುರಕ್ಷತಾ ಮಾನಕವು ಸಾರ್ವಜನಿಕ ಸಾರಿಗೆಯ ಎಸ್ಕಲೇಟರ್ ವಾರಕ್ಕೆ ಸುಮಾರು 140 ಗಂಟೆ, ಅಂದರೆ ದಿನಕ್ಕೆ 20 ಗಂಟೆ ದುಡಿಯಬೇಕು ಮತ್ತು ಪ್ರತಿ ಮೂರು ಗಂಟೆಯಲ್ಲಿ ಒಟ್ಟು ಅರ್ಧ ಗಂಟೆಯಾದರೂ ಪೂರ್ಣ ಭಾರ ಹೊರಲು ಶಕ್ತವಾಗಿರಬೇಕು ಎನ್ನುತ್ತದೆ. ಆದುದರಿಂದ ಇದರ ಉಕ್ಕಿನ ಚೌಕಟ್ಟು, ಸರಪಳಿ, ಗಾಲಿ, ಮೋಟಾರು ಎಲ್ಲವೂ ಹೆಚ್ಚು ಗಟ್ಟಿ. ಸಾಮಾನ್ಯ ಬ್ರೇಕಿನ ಜೊತೆಗೆ, ಸರಪಳಿ ತುಂಡಾದರೂ ಮೆಟ್ಟಿಲುಗಳನ್ನು ಹಿಡಿದು ನಿಲ್ಲಿಸುವ ಹೆಚ್ಚುವರಿ ಬ್ರೇಕೂ ಇರುತ್ತದೆ.

ಇದರ ಕೆಲಸದ ರೀತಿ ಹೀಗೆ. ಮೇಲ್ತುದಿಯ ಮೋಟಾರು ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ, ಅವು ಎರಡು ಬದಿಯ ಸರಪಳಿಗಳನ್ನು ಎಳೆಯುತ್ತವೆ. ಪ್ರತಿ ಮೆಟ್ಟಿಲಿಗೆ ನಾಲ್ಕು ಗಾಲಿಗಳು. ಎರಡು ಗಾಲಿಗಳು ಒಂದು ಜೊತೆ ಹಳಿಯ ಮೇಲೆ, ಉಳಿದೆರಡು ಇನ್ನೊಂದು ಜೊತೆ ಹಳಿಯ ಮೇಲೆ ಉರುಳುತ್ತವೆ. ಈ ಎರಡು ಜೊತೆ ಹಳಿಗಳ ನಡುವಿನ ಅಂತರ ಬದಲಾಗುವುದರಿಂದಲೇ ಬುಡದಲ್ಲಿ ಸಮತಟ್ಟಾಗಿದ್ದುದು ಮೆಟ್ಟಿಲಾಗಿ ಎದ್ದು, ತುದಿಯಲ್ಲಿ ಮತ್ತೆ ಸಮತಟ್ಟಾಗುತ್ತದೆ. ಕೈಪಟ್ಟಿಯೂ ಅದೇ ಮೋಟಾರಿನ ಬಲದಿಂದ ಮೆಟ್ಟಿಲಿನ ವೇಗದಲ್ಲೇ ಸಾಗುತ್ತದೆ.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ವೇಗ ಸೆಕೆಂಡಿಗೆ 0.5 ಮೀಟರ್, ಮೆಟ್ಟಿಲಿನಿಂದ ಮೆಟ್ಟಿಲಿಗೆ 0.4 ಮೀಟರ್ ಎಂದಿಟ್ಟುಕೊಂಡರೆ ಸೆಕೆಂಡಿಗೆ 1.25 ಮೆಟ್ಟಿಲು ಹಾದುಹೋಗುತ್ತದೆ. ಒಂದು ಮೀಟರ್ ಅಗಲದ ಮೆಟ್ಟಿಲಿನಲ್ಲಿ ಇಬ್ಬರಂತೆ ಗಂಟೆಗೆ 9,000 ಜನ. ಆದರೆ ಮಾನಕದ ಪುಸ್ತಕ ಒಪ್ಪುವ ಸಂಖ್ಯೆ 6,000 ಮಾತ್ರ. ಉಳಿದ 3,000 ಎಲ್ಲಿ ಹೋಯಿತು? ಮನುಷ್ಯರು ಮಡಕೆಗಳಂತೆ ಒತ್ತಾಗಿ ನಿಲ್ಲುವುದಿಲ್ಲ, ಪರಸ್ಪರ ಸ್ವಲ್ಪ ಜಾಗ ಬಿಡುತ್ತಾರೆ. ಲೆಕ್ಕವೇ ಮನುಷ್ಯನ ಸ್ವಭಾವಕ್ಕೆ ಬಗ್ಗಬೇಕಾಯಿತು.

ಇನ್ನೊಂದು ಮಾತು. ಇದೇ 0.4 ಮೀಟರಿನ ಲೆಕ್ಕದಲ್ಲಿ, 30 ಡಿಗ್ರಿ ಇಳಿಜಾರಿನಲ್ಲಿ ಒಂದೊಂದು ಮೆಟ್ಟಿಲು ಸುಮಾರು 20 ಸೆಂಟಿಮೀಟರ್ ಎತ್ತರವಾಗುತ್ತದೆ. ಮನೆಯ ಮೆಟ್ಟಿಲು ಸಾಮಾನ್ಯವಾಗಿ ಇದಕ್ಕಿಂತ ತಗ್ಗು. ನಿಂತುಹೋದ ಎಸ್ಕಲೇಟರ್ ಹತ್ತುವಾಗ ಮಂಡಿ ನೋಯುವುದಕ್ಕೆ ಕಾರಣ ಇದೇ. ಯಂತ್ರ ಕೆಟ್ಟರೆ ಅದು ಬರಿಯ ಮೆಟ್ಟಿಲೂ ಅಲ್ಲ, ಒಳ್ಳೆಯ ಮೆಟ್ಟಿಲಂತೂ ಅಲ್ಲ.

ದುರಂತಗಳು ಬರೆಸಿದ ನಿಯಮಗಳು

1987ರ ನವೆಂಬರ್ 18ರ ಸಂಜೆ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಮರದ ಎಸ್ಕಲೇಟರ್ ಒಂದರ ಅಡಿಯಲ್ಲಿ ಬೆಂಕಿ ಹೊತ್ತಿತು. ಯಾರೋ ಎಸೆದ ಉರಿಯುವ ಬೆಂಕಿಕಡ್ಡಿ ಮೆಟ್ಟಿಲಿನ ಸಂದಿನಿಂದ ಜಾರಿ, ಬಹುಕಾಲದಿಂದ ಶೇಖರವಾಗಿದ್ದ ಗ್ರೀಸು ಮತ್ತು ಕಸಕ್ಕೆ ತಾಗಿತ್ತು. ಮೊದಲು ಅದು ಸಣ್ಣ ಬೆಂಕಿ. ನಿಮಿಷಗಳಲ್ಲಿ ಜ್ವಾಲೆ ಇಳಿಜಾರಿನ ತೊಟ್ಟಿಯೊಳಗೆ ಮಲಗಿದಂತೆ ಹರಡಿ, ಒಮ್ಮೆಲೇ ಮೇಲಿನ ಟಿಕೆಟ್ ಸಭಾಂಗಣಕ್ಕೆ ನುಗ್ಗಿತು. 31 ಜನ ಮೃತರಾದರು. ಡೆಸ್ಮಂಡ್ ಫೆನ್ನೆಲ್ ಅವರ ವಿಚಾರಣಾ ವರದಿ 1988ರಲ್ಲಿ ಹೊರಬಂದು 157 ಶಿಫಾರಸುಗಳನ್ನು ಮಾಡಿತು. ಲಂಡನ್ನಿನ ನೆಲದಡಿಯ ಮರದ ಎಸ್ಕಲೇಟರ್‌ಗಳು ಹೋಗಿ ಲೋಹದವು ಬಂದವು. ನೆಲದಡಿಯ ನಿಲ್ದಾಣಗಳಿಗೆ ಹೊಸ ಅಗ್ನಿ ನಿಯಮಗಳು 1989ರಲ್ಲಿ ಜಾರಿಯಾದವು.

ಮಾಸ್ಕೋದ ಅವಿಯಾಮೋಟರ್ನಯಾ ನಿಲ್ದಾಣದಲ್ಲಿ 1982ರ ಫೆಬ್ರುವರಿ 17ರಂದು ಬ್ರೇಕು ಹಿಡಿಯದೆ ಜನ ತುಂಬಿದ ಎಸ್ಕಲೇಟರ್ ಕೆಳಕ್ಕೆ ಧಾವಿಸಿ 8 ಜನ ಸತ್ತರು. 2011ರ ಜುಲೈ 5ರಂದು ಬೀಜಿಂಗ್ ಮೃಗಾಲಯದ ಮೆಟ್ರೋ ನಿಲ್ದಾಣದಲ್ಲಿ ಮೇಲೇರುತ್ತಿದ್ದ ಎಸ್ಕಲೇಟರ್ ಹಠಾತ್ತನೆ ಹಿಮ್ಮುಖವಾಗಿ ಚಲಿಸಿ 13 ವರ್ಷದ ಬಾಲಕನೊಬ್ಬ ಅಸುನೀಗಿದ. ಮೋಟಾರಿನ ಭಾಗವನ್ನು ಬಿಗಿದಿಟ್ಟಿದ್ದ ಬಿಡಿಭಾಗ ಹಾಳಾಗಿ, ಯಂತ್ರ ಜರುಗಿ, ಸರಪಳಿ ತುಂಡಾಗಿತ್ತು. ಮೂರೂ ದುರಂತಗಳಲ್ಲಿ ಕೊಂದದ್ದು ಪ್ರಯಾಣಿಕರ ಕಣ್ಣಿಗೆ ಕಾಣುವ ಮೆಟ್ಟಿಲಲ್ಲ, ಕಾಣದ ಕೆಳಭಾಗದ ದೋಷ ಮತ್ತು ಅಲಕ್ಷ್ಯ.

ನಮ್ಮ ರಾಜ್ಯದಲ್ಲಿ ಮೊದಲು ಲಿಫ್ಟ್‌ಗಳಿಗೆ ಮಾತ್ರ 1974ರ ಕಾಯಿದೆ ಇತ್ತು. ಕರ್ನಾಟಕ ಲಿಫ್ಟ್‌ಗಳು, ಎಸ್ಕಲೇಟರ್‌ಗಳು ಮತ್ತು ಪ್ರಯಾಣಿಕ ಕನ್ವೇಯರ್‌ಗಳ ಅಧಿನಿಯಮ, 2012 ಬಂದ ಮೇಲೆ ಎಸ್ಕಲೇಟರ್‌ಗಳೂ ಪರವಾನಗಿ ಮತ್ತು ತಪಾಸಣೆಯ ವ್ಯಾಪ್ತಿಗೆ ಬಂದವು. ವಿದ್ಯುತ್ ಪರಿವೀಕ್ಷಣಾಲಯ ಈ ಕೆಲಸ ನೋಡುತ್ತದೆ. ನಮ್ಮ ಯುವಕರಲ್ಲಿ ಎಷ್ಟೋ ಮಂದಿ ಐ.ಟಿ.ಐ., ಡಿಪ್ಲೊಮಾ ಓದಿ ಯಾವ ಕೆಲಸವೆಂದು ಚಿಂತಿಸುತ್ತಾರೆ. ಲಿಫ್ಟ್ ಮತ್ತು ಎಸ್ಕಲೇಟರ್‌ಗಳ ನಿರ್ವಹಣೆ ಕೌಶಲವೂ ಜವಾಬ್ದಾರಿಯೂ ಬೇಕಾದ ಒಂದು ವೃತ್ತಿ ಎಂಬುದನ್ನು ಅವರು ಗಮನಿಸಬೇಕು. ನೆಲದಡಿಯ ಸರಪಳಿಗೆ ಸರಿಯಾಗಿ ಎಣ್ಣೆ ಹಾಕುವವನು ಸಾವಿರಾರು ಜನರ ಪ್ರಾಣ ಕಾಯುತ್ತಾನೆ.

ಸೀರೆ, ದುಪಟ್ಟಾ, ಬುರ್ಖಾ

ಭಾರತದಲ್ಲಿ ಮೆಟ್ರೋ ರೈಲು 1984ರ ಅಕ್ಟೋಬರ್ 24ರಂದು ಕೊಲ್ಕತ್ತಾದಲ್ಲಿ ಆರಂಭವಾಯಿತು. ದೆಹಲಿ ಮೆಟ್ರೋ 2002ರ ಡಿಸೆಂಬರ್‌ನಲ್ಲಿ ಬಂದಿತು. ಪಶ್ಚಿಮದ ದೇಶಗಳ ಉಡುಪನ್ನು ಮನಸ್ಸಿನಲ್ಲಿಟ್ಟು ರೂಪಿಸಿದ ಯಂತ್ರದ ಮೇಲೆ ಇಲ್ಲಿ ಸೀರೆಯ ನೆರಿಗೆ, ಜೋತಾಡುವ ದುಪಟ್ಟಾ, ಪಾದ ಮುಟ್ಟುವ ಬುರ್ಖಾ, ಪಂಚೆಗಳು ಬಂದು ನಿಂತವು. ದೆಹಲಿ ಮೆಟ್ರೋ ತನ್ನ ಎಸ್ಕಲೇಟರ್‌ಗಳಿಗೆ ಸೀರೆ ರಕ್ಷಕಗಳನ್ನು ಅಳವಡಿಸಿತು. ಮೆಟ್ಟಿಲಿನ ಎರಡೂ ಬದಿಯ ಗೋಡೆಗೆ ಹಚ್ಚಿದ ಕುಂಚದಂತಹ ಪಟ್ಟಿ ಬಟ್ಟೆಯನ್ನೂ ಪಾದವನ್ನೂ ಸಂದಿನಿಂದ ದೂರ ತಳ್ಳುತ್ತದೆ. ಆ ಸಂದು ಒಂದು ಬದಿಯಲ್ಲಿ 4 ಮಿಲಿಮೀಟರ್ ಮೀರಬಾರದೆಂಬುದು ನಿಯಮ. ಆದರೆ ತೆಳುವಾದ ಬಟ್ಟೆಗೆ ಅಷ್ಟೇ ಸಾಕು. ಆ ಕುಂಚ ಇರುವುದು ಬೂಟು ಒರೆಸಿಕೊಳ್ಳಲು ಅಲ್ಲ ಎಂದು ಮಕ್ಕಳಿಗೆ ಹೇಳಬೇಕು.

ಬೆಂಗಳೂರಿನಲ್ಲಿ ಮೊದಲ ಮೆಟ್ರೋ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಓಡಿತು. ಅದು ಕಂಬಗಳ ಮೇಲಿನ ಮಾರ್ಗ. 2016ರ ಏಪ್ರಿಲ್ ಕೊನೆಯಲ್ಲಿ ನೇರಳೆ ಮಾರ್ಗದ ಸುರಂಗ, 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಸುರಂಗ ತೆರೆದ ಮೇಲೆ ಎಸ್ಕಲೇಟರ್‌ನ ನಿಜವಾದ ಅಗತ್ಯ ಜನರಿಗೆ ತಿಳಿಯಿತು. ಮೆಜೆಸ್ಟಿಕ್‌ನಲ್ಲಿ ಎರಡು ಮಾರ್ಗಗಳು ನೆಲದಡಿಯಲ್ಲಿ ಬೇರೆ ಬೇರೆ ಮಟ್ಟದಲ್ಲಿ ಒಂದನ್ನೊಂದು ದಾಟುತ್ತವೆ. ಕೆ.ಆರ್. ಮಾರುಕಟ್ಟೆ ನಿಲ್ದಾಣದಿಂದ ಮೇಲೆ ಬಂದರೆ ವಿಕ್ಟೋರಿಯಾ ಆಸ್ಪತ್ರೆ, ಮಾರುಕಟ್ಟೆ, ಜಾಮಿಯಾ ಮಸೀದಿ ಎಲ್ಲವೂ ಹತ್ತಿರ. ಅಲ್ಲಿ ಏರುವವರಲ್ಲಿ ರೋಗಿಗಳು, ಹೂವಿನ ಬುಟ್ಟಿ ಹೊತ್ತವರು, ಕೂಸನ್ನು ಎತ್ತಿಕೊಂಡ ತಾಯಂದಿರು ಇದ್ದಾರೆ. ಕೋನಿ ಐಲೆಂಡ್‌ನಲ್ಲಿ ಮೋಜಾಗಿದ್ದುದು ಇವರಿಗೆ ಜೀವನಾವಶ್ಯಕ. ನಮ್ಮ ಮೈಸೂರು ರೈಲು ನಿಲ್ದಾಣದಲ್ಲಿಯೂ ಈಗ ಎಸ್ಕಲೇಟರ್ ಇದೆ.

ಹಜ್ ಯಾತ್ರಿಕರಿಗೂ ಇದರ ಪರಿಚಯ ಬೇಕು. ಮಕ್ಕಾದ ಹರಮ್ ಶರೀಫಿನ ಮೇಲಂತಸ್ತುಗಳಿಗೆ ಎಸ್ಕಲೇಟರ್‌ಗಳಿವೆ. ವಿಮಾನ ನಿಲ್ದಾಣದಲ್ಲಂತೂ ಇದ್ದೇ ಇವೆ. ಜೀವಮಾನದಲ್ಲಿ ಮೊದಲ ಸಲ ಚಲಿಸುವ ಮೆಟ್ಟಿಲಿನ ಮೇಲೆ ಕಾಲಿಡುವ ಹಿರಿಯರು ಅದನ್ನು ಅಪರಿಚಿತ ಜನಜಂಗುಳಿಯ ನಡುವೆ ಕಲಿಯುವುದಕ್ಕಿಂತ ಊರಿನಲ್ಲಿಯೇ ಮಕ್ಕಳ ಕೈಹಿಡಿದು ಕಲಿಯುವುದು ಒಳ್ಳೆಯದು.

ಹೊರಗುಳಿದವರು

ಇಷ್ಟೆಲ್ಲಾ ತಿದ್ದಿಕೊಂಡ ಈ ಯಂತ್ರಕ್ಕೂ ಒಂದು ಮಿತಿ ಇದೆ. ಗಾಲಿಕುರ್ಚಿಯಲ್ಲಿರುವವರಿಗೆ ಇದು ಮೆಟ್ಟಿಲಲ್ಲ, ಗೋಡೆ. ಊರುಗೋಲಿನವರಿಗೆ, ಮಗುವಿನ ತಳ್ಳುಗಾಡಿಯವರಿಗೆ ಇದು ಅಪಾಯ. ಇಂಥವರಿಗೆ ಲಿಫ್ಟ್ ಬೇಕೇ ಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಸಾರ್ವಜನಿಕ ಸಾರಿಗೆ ಎಲ್ಲರಿಗೂ ಎಟುಕುವಂತಿರಬೇಕು ಎನ್ನುತ್ತದೆ. ಆರೋಗ್ಯವಂತ ತರುಣರು ಲಿಫ್ಟ್ ತುಂಬಿಕೊಂಡು, ಗಾಲಿಕುರ್ಚಿಯವರನ್ನು ಹೊರಗೆ ಕಾಯಿಸುವುದು ಕಾನೂನಿನ ಮಾತು ಬಿಡಿ, ಮನುಷ್ಯತ್ವಕ್ಕೂ ಸಲ್ಲದು.

ನಾವು ಕಲಿಯಬೇಕಾದ ಅದಬ್

ಮಸೀದಿಗೆ, ಮಜ್ಲಿಸಿಗೆ ಅದಬ್ ಇರುವಂತೆ ಚಲಿಸುವ ಮೆಟ್ಟಿಲಿಗೂ ಅದಬ್ ಇದೆ. ಹತ್ತುವ ಮೊದಲು ಬಟ್ಟೆಯ ಅಂಚನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಹಳದಿ ಗೆರೆಯೊಳಗೆ ಪಾದವಿಡಿ. ಕೈಪಟ್ಟಿ ಹಿಡಿಯಿರಿ. ಮಗುವಿನ ಕೈಯನ್ನು ಬಿಡದಿರಿ, ಮೆದು ರಬ್ಬರಿನ ಚಪ್ಪಲಿ ಹಾಕಿದ ಮಕ್ಕಳನ್ನು ಅಂಚಿನಿಂದ ದೂರ ನಿಲ್ಲಿಸಿ. ಮೇಲೆ ತಲುಪಿದೊಡನೆ ಅಲ್ಲಿಯೇ ನಿಂತು ದಾರಿ ಹುಡುಕಬೇಡಿ, ಹಿಂದೆ ಬರುವವರಿಗೆ ನಿಲ್ಲಲು ಜಾಗವಿರುವುದಿಲ್ಲ. ಯಾರಾದರೂ ಬಿದ್ದರೆ ಕೆಂಪು ಗುಂಡಿ ಒತ್ತಿರಿ. ಅದು ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಆಟಕ್ಕಾಗಿ ಮಾತ್ರ ಎಂದಿಗೂ ಒತ್ತಬೇಡಿ.

ಅವಸರದವರಿಗೂ ಒಂದು ಮಾತು. ಲಂಡನ್ನಿನಲ್ಲಿ ಬಲಕ್ಕೆ ನಿಂತು ಎಡಭಾಗವನ್ನು ನಡೆಯುವವರಿಗೆ ಬಿಡುವುದು ರೂಢಿ. 2015ರ ಕೊನೆಯಲ್ಲಿ ಅಲ್ಲಿನ ಹೋಬರ್ನ್ ನಿಲ್ದಾಣದಲ್ಲಿ ಎರಡೂ ಬದಿ ನಿಲ್ಲುವಂತೆ ಜನರನ್ನು ಕೇಳಿಕೊಂಡು ಪ್ರಯೋಗ ನಡೆಸಿದಾಗ, ಅದೇ ಎಸ್ಕಲೇಟರ್ ಮೊದಲಿಗಿಂತ ಹೆಚ್ಚು ಜನರನ್ನು ಸಾಗಿಸಿತು. ಎತ್ತರದ ಮೆಟ್ಟಿಲಿನಲ್ಲಿ ನಡೆಯುವವರು ಕಡಿಮೆ, ಅವರಿಗಾಗಿ ಬಿಟ್ಟ ಅರ್ಧ ಭಾಗ ಖಾಲಿ ಉಳಿಯುತ್ತಿತ್ತು. ಕೆಲವರ ಅವಸರಕ್ಕಿಂತ ಎಲ್ಲರ ಸಮಾಧಾನವೇ ವೇಗವಾದ ದಾರಿ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ಬೆಂಗಳೂರಿಗೆ ಕರೆದೊಯ್ಯುವಾಗ ವಿಧಾನಸೌಧ, ಲಾಲ್‌ಬಾಗ್‌ಗಳ ಜೊತೆಗೆ ಒಂದು ಮೆಟ್ರೋ ನಿಲ್ದಾಣವನ್ನೂ ಪಾಠವಾಗಿ ತೋರಿಸಲಿ. ನಮ್ಮಂತಹ ಸಂಸ್ಥೆಗಳು ಹಜ್ ತರಬೇತಿಯ ಸಂದರ್ಭದಲ್ಲಿ, ಮಹಿಳೆಯರ ಸಭೆಗಳಲ್ಲಿ ಅರ್ಧ ಗಂಟೆ ಇದಕ್ಕೂ ಮೀಸಲಿಡಲಿ. ದಾರಿಯಲ್ಲಿ ಬಿದ್ದಿರುವ ಅಡಚಣೆಯನ್ನು ತೆಗೆದುಹಾಕುವುದೂ ಸತ್ಕಾರ್ಯ ಎಂದು ನಮ್ಮ ದೀನ್ ಕಲಿಸಿದೆ. ಎಸ್ಕಲೇಟರ್ ಮುಂದೆ ಹೆಜ್ಜೆ ಹಿಂದೆಗೆಯುವ ತಾಯಿಯ ಮುಂದಿರುವ ಅಡಚಣೆ ಅಳುಕು. ಮುಂದಿನ ಸಲ ಅಂಥವರನ್ನು ಕಂಡರೆ, ವಿದ್ಯಾರ್ಥಿ ಮಿತ್ರರೇ, ಅವರಿಗೆ ನಿಮ್ಮ ಕೈ ಕೊಡಿ. ಅವರು ಬೇಡವೆಂದರೆ ಕಲ್ಲಿನ ಮೆಟ್ಟಿಲಿನಲ್ಲಿಯೇ ಅವರ ಚೀಲ ಹಿಡಿದು ಜೊತೆಗೆ ಹತ್ತಿರಿ.